ಬೆಂಗಳೂರು–ಮೂಡಿಗೆರೆ ಓಡಾಟಕ್ಕೆ ಯಾವ ಎಸ್‌ಯುವಿ? ಹನ್ನೊಂದು ವರ್ಷದ ಡಸ್ಟರ್ ಬದಲಾಯಿಸಲೇ?

ಮೂಡಿಗೆರೆ ದಾರಿ
ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2014ರ ಡಸ್ಟರ್ ಡೀಸೆಲ್ ಇದೆ, 1,68,000 ಕಿ.ಮೀ. ಓಡಿದೆ. ಇಂದಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಆದರೆ ಮನೆಯಲ್ಲಿ ದಿನಾ ಒಂದೇ ಪ್ರಶ್ನೆ: ಈ ಹಳೆಯ ಗಾಡಿ ಇನ್ನೆಷ್ಟು ದಿನ?

ಕೆಲಸ ಬೆಂಗಳೂರಿನಲ್ಲಿ. ಅಪ್ಪ ಅಮ್ಮ ಇರುವುದು ಮೂಡಿಗೆರೆ ಹತ್ತಿರದ ತೋಟದ ಮನೆಯಲ್ಲಿ. ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇನೆ. ಹಾಸನದವರೆಗೆ ಹೆದ್ದಾರಿ, ಅಲ್ಲಿಂದ ಬೇಲೂರು ದಾಟಿ ತಿರುವುಗಳ ರಸ್ತೆ, ಕೊನೆಗೆ ಮೂರು ಕಿ.ಮೀ. ಮಣ್ಣಿನ ದಾರಿ. ಆಷಾಢದಲ್ಲಿ ಅದನ್ನು ದಾರಿ ಎನ್ನುವುದಕ್ಕಿಂತ ಹಳ್ಳ ಎನ್ನುವುದೇ ಸರಿ. ವರ್ಷಕ್ಕೆ ಆರೇಳು ಸಲ ಚಾರ್ಮಾಡಿ ಇಳಿದು ಧರ್ಮಸ್ಥಳ, ಮಂಗಳೂರು. ಉಳಿದ ದಿನಗಳಲ್ಲಿ ಮನೆಯಿಂದ ಕಚೇರಿಗೆ ಒಂಬತ್ತು ಕಿ.ಮೀ., ಅದಕ್ಕೆ ಒಂದು ಗಂಟೆ.

ಬಜೆಟ್ ತೆರಿಗೆ, ವಿಮೆ ಎಲ್ಲ ಸೇರಿ 20 ಲಕ್ಷ. ಜಗ್ಗಿದರೆ 21. ಸ್ಕಾರ್ಪಿಯೊ-ಎನ್ ಡೀಸೆಲ್, ಕ್ರೆಟಾ ಡೀಸೆಲ್, ಗ್ರ್ಯಾಂಡ್ ವಿಟಾರಾ, ಟೈಗುನ್, ಈ ನಾಲ್ಕರ ಮೇಲೆ ಕಣ್ಣಿದೆ. ಅಮ್ಮನಿಗೆ ಮಂಡಿನೋವು, ಅದನ್ನೂ ಗಮನದಲ್ಲಿಡಿ.

ಒಂದು ವಿನಂತಿ. ಕೆಟ್ಟ ಅನುಭವ ಹೇಳುವವರು ಕಂಪನಿಯ ಹೆಸರು ಬಿಟ್ಟುಬಿಡಿ. ಯಾವ ಭಾಗ ಕೆಟ್ಟಿತು, ಎಷ್ಟು ಓಡಿದ ಮೇಲೆ, ಯಾಕೆ ಎಂದು ಹೇಳಿದರೆ ಸಾಕು. ಕಳೆದ ಸಲದ ಚರ್ಚೆಯಲ್ಲಿ ಹೆಸರು ಬಂದದ್ದೇ ತಡ, ಇಬ್ಬರು ಅಭಿಮಾನಿಗಳು ಕಾದಾಡಿ ನಲವತ್ತು ಉತ್ತರಗಳು ನೀರುಪಾಲಾದವು.

ಧಾರವಾಡ ಪೇಢೆ
ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಗಾಡಿಯನ್ನು ಯಾಕೆ ಮಾರುತ್ತೀರಿ? ಮಾರುವುದೇ ಆದರೆ ಮೊದಲು ನನಗೆ ತಿಳಿಸಿ.

ಇನ್ನೋವಾ ಭಕ್ತ
ಇನ್ನೋವಾ ಕ್ರಿಸ್ಟಾ ತೆಗೆದುಕೊಳ್ಳಿ. ಚರ್ಚೆ ಮುಗಿಯಿತು.

ಮೂರನೇ ಗೇರ್
ಅವರು ಕೇಳಿದ್ದು ಎಸ್‌ಯುವಿ. ಇನ್ನೋವಾ ಎಂಪಿವಿ, ಅಂದರೆ ಮನೆಮಂದಿಯೆಲ್ಲ ಕೂರುವ ಗಾಡಿ. ಬಜೆಟ್ ಬರೆದ ಸಾಲನ್ನಂತೂ ನೀವು ಓದಿಯೇ ಇಲ್ಲ.

ಇನ್ನೋವಾ ಭಕ್ತ
ಲ್ಯಾಡರ್ ಚಾಸಿ (ಮೈ ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು), ಹಿಂದಿನ ಚಕ್ರಗಳಿಗೆ ಶಕ್ತಿ, 2.4 ಲೀಟರ್ ಡೀಸೆಲ್, 343 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ನಿಮ್ಮ ಟೈಗುನ್‌ನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಹೀಗಿರುವಾಗ ಯಾವುದು ಎಸ್‌ಯುವಿ, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು?

ಲೆಕ್ಕಿಗ
ತೀರ್ಮಾನಿಸುವುದು ಜಿಎಸ್‌ಟಿ ಮಂಡಳಿ! ತಮಾಷೆಯಲ್ಲ. ಉದ್ದ 4 ಮೀಟರ್ ಮೀರಬೇಕು, ಎಂಜಿನ್ 1500 ಸಿಸಿ ಮೀರಬೇಕು, ನೆಲದಿಂದ ಎತ್ತರ 170 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರಬೇಕು. ಈ ಮೂರೂ ಇದ್ದ ಗಾಡಿಗೆ 28 ಶೇಕಡಾ ತೆರಿಗೆಯ ಮೇಲೆ 22 ಶೇಕಡಾ ಸೆಸ್ ಇತ್ತು. 2023ರ ಜುಲೈನಲ್ಲಿ, ಎಸ್‌ಯುವಿ ಎಂಬ ಹೆಸರು ಇರಲಿ ಬಿಡಲಿ, ಈ ಅಳತೆ ಹೊಂದಿದರೆ ಸಾಕು, ಎತ್ತರವನ್ನು ಖಾಲಿ ಗಾಡಿಯಲ್ಲಿ ಅಳೆಯಬೇಕು ಎಂದರು. ಆ ಲೆಕ್ಕದಲ್ಲಿ ಇನ್ನೋವಾ ಒಳಗೆ, 1.5 ಲೀಟರ್‌ನ ಕ್ರೆಟಾ ಹೊರಗೆ.

2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ, ಈ ದೊಡ್ಡವೆಲ್ಲ ಒಟ್ಟಿಗೆ 40 ಶೇಕಡಾದ ಬುಟ್ಟಿಗೆ ಬಿದ್ದಿವೆ. ಬೊಲೆರೊ ಮಾತ್ರ 4 ಮೀಟರ್‌ಗೆ ಸ್ವಲ್ಪ ಕಡಿಮೆ, ಎಂಜಿನ್ 1493 ಸಿಸಿ. ಹಾಗಾಗಿ ಅದಕ್ಕೆ 18 ಶೇಕಡಾ. ಅಂದರೆ ಸರ್ಕಾರದ ಕಣ್ಣಿಗೆ ಬೊಲೆರೊ ಒಂದು ಚಿಕ್ಕ ಕಾರು.

ಕಾಫಿ ಕಣ
ನಮ್ಮ ಬೊಲೆರೊಗೆ ಈ ಸುದ್ದಿ ಹೇಳಬೇಡಿ. ಬೇಸರ ಮಾಡಿಕೊಂಡೀತು.

ಸಕಲೇಶಪುರ ಕಡೆಯ ಬೆಳೆಗಾರ ನಾನು. ತೋಟಕ್ಕೆ ಬೊಲೆರೊ, ದೂರದ ಪ್ರಯಾಣಕ್ಕೆ ಸ್ಕಾರ್ಪಿಯೊ-ಎನ್. ಎರಡಕ್ಕೂ ಲ್ಯಾಡರ್ ಚಾಸಿ ಇದೆ, ಸಂಬಂಧ ಅಲ್ಲಿಗೆ ಮುಗಿಯಿತು. ಬೊಲೆರೊದ ಹಿಂದೆ ಇಂದಿಗೂ ಲೀಫ್ ಸ್ಪ್ರಿಂಗ್. ಖಾಲಿ ಇದ್ದರೆ ಕರುವಿನ ಹಾಗೆ ಕುಣಿಯುತ್ತದೆ, ನಾಲ್ಕು ಮೂಟೆ ಗೊಬ್ಬರ ಹೇರಿದರೆ ಸಾಧುವಾಗುತ್ತದೆ. ಸ್ಕಾರ್ಪಿಯೊ-ಎನ್‌ನ ಹಿಂದಿನ ಆಕ್ಸಲ್‌ಗೆ ಕಾಯಿಲ್ ಸ್ಪ್ರಿಂಗ್ ಜೊತೆಗೆ ವಾಟ್ಸ್ ಲಿಂಕೇಜ್ ಎಂಬ ಜೋಡಣೆ ಇದೆ. ಗುಂಡಿಗೆ ಬಿದ್ದಾಗ ಆಕ್ಸಲ್ ಪಕ್ಕಕ್ಕೆ ಜಾರದಂತೆ ಅದು ಹಿಡಿಯುತ್ತದೆ. ಹಾಸನದ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಸ್ಟೀರಿಂಗ್ ಮೇಲೆ ಎರಡು ಬೆರಳು ಸಾಕು. ಗುಂಡಿಗಳು ಕಿವಿಗೆ ಕೇಳಿಸುತ್ತವೆ, ಸೊಂಟಕ್ಕೆ ತಿಳಿಯುವುದಿಲ್ಲ.

ಆದರೆ ಬೇಲೂರು ದಾಟಿ ತಿರುವುಗಳು ಶುರುವಾದ ಮೇಲೆ ಮಾತು ಬೇರೆ. ಎತ್ತರದ ಗಾಡಿ, ಭಾರವೂ ಜಾಸ್ತಿ. ತಿರುವಿಗೆ ಎಸೆದರೆ ಓಲಾಡುತ್ತದೆ. ಹಿಂದೆ ಕುಳಿತವರು ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆಯ ಲೆಕ್ಕವನ್ನು ಚಾರ್ಮಾಡಿಯಲ್ಲಿ ಒಪ್ಪಿಸುತ್ತಾರೆ. ನಿಧಾನಕ್ಕೆ ಓಡಿಸಿದರೆ ಈ ಸಮಸ್ಯೆಯೇ ಇಲ್ಲ.

ಇನ್ನೊಂದು ವಿಷಯ. ಸ್ಕಾರ್ಪಿಯೊ-ಎನ್ ಡೀಸೆಲ್ ಎಂದರೆ ಎಲ್ಲವೂ 175 ಪಿಎಸ್ (ಅಶ್ವಶಕ್ತಿ) ಅಲ್ಲ. ಕೆಳಗಿನ ಮಾದರಿಗಳಲ್ಲಿ ಅದೇ 2.2 ಲೀಟರ್ ಎಂಜಿನ್ 132 ಪಿಎಸ್, 300 ಎನ್‌ಎಂ ಕೊಡುತ್ತದೆ. ನಿಮ್ಮ ಬಜೆಟ್‌ಗೆ ಸಿಗುವುದು ಹೆಚ್ಚುಕಡಿಮೆ ಅದೇ. ಘಟ್ಟಕ್ಕೆ ಅಷ್ಟು ಧಾರಾಳ ಸಾಕು. ಶೋರೂಂನಲ್ಲಿ 175ರದ್ದನ್ನು ಓಡಿಸಲು ಕೊಟ್ಟು 132ರದ್ದನ್ನು ಬುಕ್ ಮಾಡಿಸಿಕೊಳ್ಳುತ್ತಾರೆ. ಹುಷಾರು.

ಮೂರನೇ ಗೇರ್
ಕಣದವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಈಗ ನನ್ನ ಸರದಿ. ನನ್ನದು ಟೈಗುನ್ 1.5 ಪೆಟ್ರೋಲ್ ಟರ್ಬೊ, 150 ಪಿಎಸ್, ಮ್ಯಾನುಯಲ್. ಮೊನೊಕಾಕ್, ಅಂದರೆ ಮೈಯೂ ಚಾಸಿಯೂ ಒಂದೇ. ಬೇಲೂರಿನಿಂದ ಮೂಡಿಗೆರೆಗೆ ಹೋಗುವಾಗ ಆ ತೋಟಗಳ ನಡುವಿನ ತಿರುವುಗಳಲ್ಲಿ ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೆ ಮೂತಿ ತಿರುಗಿರುತ್ತದೆ. ಲ್ಯಾಡರ್ ಚಾಸಿಯ ಗಾಡಿಯಲ್ಲಿ ಮೊದಲು ನೀವು ಅರ್ಜಿ ಹಾಕಬೇಕು, ಅದು ಮಂಜೂರಾಗಬೇಕು, ಆಮೇಲೆ ಮೂತಿ ತಿರುಗುತ್ತದೆ.

ಬ್ರೇಕ್ ಹಿಡಿದಾಗಲೂ ಅಷ್ಟೇ. ಸುಮಾರು 1,300 ಕೆಜಿ ನಿಲ್ಲಿಸುವುದಕ್ಕೂ ಎರಡು ಟನ್ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ. ಸುರಕ್ಷತೆ ಎಂದರೆ ಏರ್‌ಬ್ಯಾಗ್ ಎಣಿಸುವುದಷ್ಟೇ ಅಲ್ಲ, ಅಡ್ಡ ಬಂದ ಹಸುವನ್ನು ತಪ್ಪಿಸಿಕೊಂಡು ಮತ್ತೆ ನಮ್ಮ ಪಥಕ್ಕೆ ಮರಳಲು ಸಾಧ್ಯವೇ ಎಂಬುದೂ ಹೌದು. ಅಂದಹಾಗೆ, ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2022ರಲ್ಲಿ ಟೈಗುನ್‌ಗೂ ಸ್ಕಾರ್ಪಿಯೊ-ಎನ್‌ಗೂ ವಯಸ್ಕರ ರಕ್ಷಣೆಯಲ್ಲಿ ಐದು ನಕ್ಷತ್ರ ಕೊಟ್ಟಿದೆ. ಅಲ್ಲಿ ಇಬ್ಬರೂ ಸಮ.

ಕಾಫಿ ಕಣ
ಆ ಮೂರು ಕಿ.ಮೀ. ಮಣ್ಣಿನ ದಾರಿಯಲ್ಲಿ ನಿಮ್ಮ ಮೂತಿ ಎತ್ತ ತಿರುಗುತ್ತದೆ, ಹೇಳಿ ನೋಡೋಣ.

ಮೂರನೇ ಗೇರ್
ಜೂನ್‌ನಲ್ಲಿ ಟಾರ್ ರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋಗುತ್ತೇನೆ. ಆರೋಗ್ಯಕ್ಕೆ ಒಳ್ಳೆಯದು.

ಕಂಬಳಿಹುಳ
ಡೀಸೆಲ್ ಯಾಕೆ ಸ್ವಾಮಿ? ಹತ್ತು ವರ್ಷಕ್ಕೆ ಗುಜರಿಗೆ ಹಾಕಬೇಕಂತಲ್ಲ. ನಿಮ್ಮ ಡಸ್ಟರ್ ಈಗಾಗಲೇ ಕಾನೂನುಬಾಹಿರ.

ಲೆಕ್ಕಿಗ
ತಪ್ಪು ಮಾಹಿತಿ. ಹತ್ತು ವರ್ಷದ ಡೀಸೆಲ್ ತಕರಾರು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ, ಆಮೇಲೆ ಎಫ್‌ಸಿ (ಗಾಡಿಯ ಯೋಗ್ಯತಾ ಪ್ರಮಾಣಪತ್ರ) ಮಾಡಿಸಿ ನವೀಕರಿಸಬಹುದು. ಡಸ್ಟರ್‌ಗೆ 2029ರವರೆಗೆ ಯಾರೂ ಏನೂ ಕೇಳುವಂತಿಲ್ಲ. ಮಾಲಿನ್ಯ ಪ್ರಮಾಣಪತ್ರ ಮಾತ್ರ ಸರಿಯಾಗಿ ಇಟ್ಟುಕೊಳ್ಳಿ.

ತೆರಿಗೆಯ ಮಾತು ಬಂದಾಗ ಇನ್ನೊಂದು. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ 17 ಶೇಕಡಾ, 20 ದಾಟಿದರೆ 18, ಅದರ ಮೇಲೆ ಸೆಸ್ ಬೇರೆ. ಸನ್‌ರೂಫ್ ಬೇಕೆಂದು ಮೇಲಿನ ಮಾದರಿಗೆ ಒಂದು ಲಕ್ಷ ಹೆಚ್ಚು ಕೊಟ್ಟರೆ, ಸರ್ಕಾರಕ್ಕೆ ಹದಿನೇಳು ಸಾವಿರ ದಕ್ಷಿಣೆ ಕೊಟ್ಟ ಹಾಗೆ.

ಸೋಗೆ ಮನೆ
ಸನ್‌ರೂಫ್ ಎಂದಿರಲ್ಲ, ಆ ಕಥೆ ಹೇಳುತ್ತೇನೆ. ಶಿರಸಿ ಹತ್ತಿರ ನಮ್ಮ ಮನೆ, ಸುತ್ತ ಅಡಿಕೆ ತೋಟ. ಹಿಂದಿನ ಕಾರಿಗೆ ಸನ್‌ರೂಫ್ ಇತ್ತು, ಯಾವ ಕಂಪನಿ ಎಂದು ಹೇಳುವುದಿಲ್ಲ. ಚಾವಣಿಯ ನಾಲ್ಕು ಮೂಲೆಗಳಲ್ಲಿ ನೀರು ಇಳಿಯಲು ಸಣ್ಣ ಪೈಪ್‌ಗಳಿರುತ್ತವೆ. ಎಲೆಯ ಚೂರು, ಧೂಳು, ಹೂವಿನ ಪರಾಗ ಸೇರಿ ಅವು ಕಟ್ಟಿಕೊಂಡವು. ಒಂದು ಶ್ರಾವಣ ಸೋಮವಾರ ಬ್ರೇಕ್ ಹಾಕಿದೆ, ತಲೆಯ ಮೇಲೆ ಅಭಿಷೇಕ. ಆಮೇಲೆ ಒಳಗಿನ ಬಟ್ಟೆಯೆಲ್ಲ ಬೂಷ್ಟು. ಸರ್ವಿಸ್‌ನವರು ಎರಡು ಸಲ ಪೂರ್ತಿ ಚಾವಣಿ ಬದಲಾಯಿಸಬೇಕು ಎಂದರು. ಕೊನೆಗೆ ನಮ್ಮೂರಿನ ಹುಡುಗನೊಬ್ಬ ತೆಳ್ಳಗಿನ ನೈಲಾನ್ ತಂತಿ ತೂರಿಸಿ ಹತ್ತು ನಿಮಿಷದಲ್ಲಿ ಸರಿ ಮಾಡಿದ.

ಈಗ ಓಡಿಸುತ್ತಿರುವುದು ಗ್ರ್ಯಾಂಡ್ ವಿಟಾರಾ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯ ಮೋಟಾರೂ ಇರುವುದು. ಇದು ತಯಾರಾಗುವುದು ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ, ಹೈರೈಡರ್‌ನ ಅವಳಿ. ಪೇಟೆಯಲ್ಲಿ ಅರ್ಧಕ್ಕರ್ಧ ಸಮಯ ಎಂಜಿನ್ ಸದ್ದೇ ಇರುವುದಿಲ್ಲ. ಕಂಪನಿ ಹೇಳುವ ಮೈಲೇಜ್ 27.97. ನನಗೆ ಶಿರಸಿ–ಹುಬ್ಬಳ್ಳಿ ದಾರಿಯಲ್ಲಿ 22–23 ಬರುತ್ತದೆ, ಅದಕ್ಕೇ ಸಂತೋಷ.

ಘಟ್ಟದ ವಿಷಯ ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವಾಗ ಬ್ರೇಕಿನ ಶಕ್ತಿಯೆಲ್ಲ ಬ್ಯಾಟರಿಗೆ ಸೇರುತ್ತದೆ. ಆದರೆ ಈ ಬ್ಯಾಟರಿ ಚಿಕ್ಕದು, ಅರ್ಧ ಘಟ್ಟಕ್ಕೇ ತುಂಬಿಬಿಡುತ್ತದೆ. ಆಮೇಲೆ ಎಂಜಿನ್ ತಾನಾಗಿ ತಿರುಗಿ ಗುರ್ರ್ ಎನ್ನಲು ಶುರುಮಾಡಿತು. ಹೆದರಿ ಪಕ್ಕಕ್ಕೆ ನಿಲ್ಲಿಸಿದೆ. ಪುಸ್ತಕ ತೆಗೆದು ಓದಿದ ಮೇಲೆ ಗೊತ್ತಾಯಿತು, ಅದು ಕೆಟ್ಟದ್ದಲ್ಲ, ಎಂಜಿನ್ ಬ್ರೇಕಿಂಗ್. ಇಳಿಜಾರಿಗೆಂದೇ ಗೇರ್ ಕಡ್ಡಿಯಲ್ಲಿ ‘ಬಿ’ ಎಂಬ ಸ್ಥಾನ ಇದೆ. ಡಿಕ್ಕಿಯಲ್ಲಿ ಬ್ಯಾಟರಿ ಕುಳಿತಿರುವುದರಿಂದ ಜಾಗ ಕಡಿಮೆ. ಎರಡು ಬಾಳೆಗೊನೆ ಇಟ್ಟರೆ ಮೂರನೆಯದನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು.

ಮೂಡಿಗೆರೆ ದಾರಿ
ಅಕ್ಕ, ತುಂಬಾ ಉಪಯುಕ್ತ ಮಾಹಿತಿ. ಮಣ್ಣಿನ ದಾರಿಯಲ್ಲಿ ಹೇಗೆ? ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಲ್‌ಗ್ರಿಪ್ ತೆಗೆದುಕೊಂಡರೆ ಹೈಬ್ರಿಡ್ ಸಿಗುವುದಿಲ್ಲವಲ್ಲ?

ಸೋಗೆ ಮನೆ
ನಾನು ತೆಗೆದುಕೊಳ್ಳುವಾಗ ಎರಡೂ ಒಟ್ಟಿಗೆ ಇರಲಿಲ್ಲ. ನಾಲ್ಕು ಚಕ್ರದ ಆಲ್‌ಗ್ರಿಪ್‌ಗೆ ಸಾದಾ 1.5 ಪೆಟ್ರೋಲ್, 103 ಪಿಎಸ್. ಐದು ಜನ ಕೂತು ಘಟ್ಟ ಏರಿದರೆ ಅದು ಏದುಸಿರು ಬಿಡುತ್ತದೆ. ನಮ್ಮ ಭಾವನವರದ್ದು ಅದೇ ಗಾಡಿ, ಕೆಸರಿನಲ್ಲಿ ಮಾತ್ರ ಹೂವಿನ ಹಾಗೆ ಎದ್ದು ಬರುತ್ತದೆ.

ಸಿಗ್ನಲ್ ಸನ್ಯಾಸಿ
ನಿಮ್ಮ ಒಂಬತ್ತು ಕಿ.ಮೀ., ಒಂದು ಗಂಟೆಯ ಕಚೇರಿ ಓಡಾಟವನ್ನು ಯಾರೂ ಗಮನಿಸಿದಂತಿಲ್ಲ. ನಾನು ಅದರಲ್ಲೇ ಕೈ ಸುಟ್ಟುಕೊಂಡವನು.

ಬಿಎಸ್6 ಹೊಗೆ ನಿಯಮ ಬಂದ ಮೇಲೆ, ಅಂದರೆ 2020ರ ಏಪ್ರಿಲ್‌ನಿಂದ, ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಮಸಿಯನ್ನು ಹಿಡಿದಿಟ್ಟುಕೊಂಡು ಆಗಾಗ ಸುಟ್ಟು ಹಾಕುವುದು ಅದರ ಕೆಲಸ. ಸುಡಬೇಕೆಂದರೆ ಹೊಗೆ ಚೆನ್ನಾಗಿ ಕಾಯಬೇಕು, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ತಡೆಯಿಲ್ಲದ ಓಟ ಬೇಕು. ಸಿಲ್ಕ್ ಬೋರ್ಡ್‌ನಲ್ಲಿ ತಡೆಯಿಲ್ಲದ ಓಟ ಎಲ್ಲಿಂದ ತರಲಿ? 14,000 ಕಿ.ಮೀ.ಗೆ ದೀಪ ಹತ್ತಿತು. ನಾನು ಎರಡು ವಾರ ಕಣ್ಣುಮುಚ್ಚಿಕೊಂಡೆ. ಆಮೇಲೆ ಗಾಡಿ ಶಕ್ತಿಯನ್ನೇ ಕಡಿತ ಮಾಡಿತು, ಫ್ಲೈಓವರ್ ಮೇಲೆ ಆಟೋಗಳು ಹಾರ್ನ್ ಹೊಡೆದು ಮುಂದೆ ಹೋದವು. ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ಸಿಕ್ಕಿಸಿ ಸುಟ್ಟುಕೊಟ್ಟರು. ಕಂಪನಿಯನ್ನು ಬೈಯುವುದಿಲ್ಲ, ತಪ್ಪು ನನ್ನದೂ ಇದೆ. ಇಂಥ ಓಡಾಟಕ್ಕೆ ನನಗೆ ಡೀಸೆಲ್ ಮಾರಿದವರದ್ದೂ ಇದೆ.

ಈಗ ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ನೈಸ್ ರಸ್ತೆಗೆ ಟೋಲ್ ಕಟ್ಟಿ ಮಸಿ ಸುಟ್ಟು ಬರುತ್ತೇನೆ. ಮನೆಯವರು ವ್ಯಾಯಾಮಕ್ಕೆ ಹೋಗುತ್ತಾನೆ ಎಂದುಕೊಂಡಿದ್ದಾರೆ.

ಇನ್ನೋವಾ ಭಕ್ತ
ಹಾಗಾದರೆ ಪೆಟ್ರೋಲ್ ತೆಗೆದುಕೊಂಡು ಇ20ಯ ಪಾಲಾಗಬೇಕೇ? ಇಪ್ಪತ್ತು ಭಾಗ ಎಥೆನಾಲ್ ಹಾಕಿ ಪೂರ್ತಿ ಪೆಟ್ರೋಲಿನ ದರ ತೆಗೆದುಕೊಳ್ಳುತ್ತಾರೆ.

ಮೂರನೇ ಗೇರ್
ಮೈಲೇಜ್ ಸ್ವಲ್ಪ ಇಳಿಯುವುದು ನಿಜ, ಎಥೆನಾಲ್‌ನಲ್ಲಿ ಶಾಖಶಕ್ತಿಯೇ ಕಡಿಮೆ. ಆದರೆ ಹೊಸ ಕಾರಿನ ರಬ್ಬರ್ ಪೈಪ್, ಸೀಲ್‌ಗಳನ್ನು ಇ20ಗೆ ಹೊಂದುವಂತೆಯೇ ಮಾಡಿರುತ್ತಾರೆ. ಕಳವಳ ಪಡಬೇಕಾದವರು ಹಳೆಯ ಪೆಟ್ರೋಲ್ ಕಾರಿನವರು. ಅದರ ಬಗ್ಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ ಬೈಯಿರಿ.

ಬೇಲೂರು ಮೇಸ್ತ್ರಿ
ಮೂವತ್ತು ವರ್ಷದಿಂದ ಬೇಲೂರಿನಲ್ಲಿ ಗ್ಯಾರೇಜ್ ಇದೆ. ಎಲ್ಲ ಕಂಪನಿಯ ಗಾಡಿಗಳೂ ಬರುತ್ತವೆ. ಬರಹ ಅಭ್ಯಾಸವಿಲ್ಲ, ಮಗಳು ಟೈಪ್ ಮಾಡುತ್ತಿದ್ದಾಳೆ.

ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತೀರಿ. ಎಂಜಿನ್ ಕೆಟ್ಟು ನನ್ನ ಅಂಗಳಕ್ಕೆ ಬರುವ ಗಾಡಿ ವರ್ಷಕ್ಕೆ ಎರಡೋ ಮೂರೋ. ಅದರಲ್ಲೂ ಹೆಚ್ಚಿನವು ನೀರಿಗೆ ಇಳಿಸಿದವು ಅಥವಾ ಬಿಸಿ ಮುಳ್ಳು ಏರಿದರೂ ನಿಲ್ಲಿಸದೆ ಓಡಿಸಿದವು. ಉಳಿದಂತೆ ಬರುವುದು ಏನು ಗೊತ್ತೇ? ಮೊದಲನೆಯದು ಕ್ಲಚ್. ಘಟ್ಟದಲ್ಲಿ ಲಾರಿ ಹಿಂದೆ ಅರ್ಧ ಕ್ಲಚ್ ಒತ್ತಿಕೊಂಡು ಗಾಡಿಯನ್ನು ತೂಗುತ್ತಾರೆ. ಹ್ಯಾಂಡ್‌ಬ್ರೇಕ್ ಇರುವುದು ಮನೆಯ ಮುಂದೆ ಎಳೆಯಲಿಕ್ಕೆ ಮಾತ್ರ ಎಂದು ತಿಳಿದಿದ್ದಾರೆ. ಇಪ್ಪತ್ತು ಸಾವಿರಕ್ಕೇ ಕ್ಲಚ್ ಸುಟ್ಟುಕೊಂಡು ಬಂದವರಿದ್ದಾರೆ, ಅದೇ ಗಾಡಿಯಲ್ಲಿ ಒಂದೂವರೆ ಲಕ್ಷ ಓಡಿಸಿದವರೂ ಇದ್ದಾರೆ.

ಎರಡನೆಯದು ಬ್ರೇಕ್. ಇಳಿಯುವಾಗ ನಾಲ್ಕನೇ ಗೇರಿನಲ್ಲಿ ಕಾಲು ಬ್ರೇಕಿನ ಮೇಲೇ ಇಟ್ಟಿರುತ್ತಾರೆ. ಡಿಸ್ಕ್ ಕಾದು ನೀಲಿಯಾಗಿರುತ್ತದೆ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಆಟೊಮ್ಯಾಟಿಕ್ ಆದರೂ ಅಷ್ಟೇ, ಕೈಯಿಂದ ಗೇರ್ ಇಳಿಸಿಕೊಳ್ಳಬೇಕು.

ಮೂರನೆಯದು ಮುಂದಿನ ಚಕ್ರಗಳ ಕಡೆಯ ಬುಷ್, ಲಿಂಕ್ ರಾಡ್, ವೀಲ್ ಬೇರಿಂಗ್. ದೊಡ್ಡ ಅಲಾಯ್ ಚಕ್ರ, ತೆಳ್ಳಗಿನ ಟೈರ್ ಇದ್ದರೆ ಇವು ಬೇಗ ಹೋಗುತ್ತವೆ. ಹದಿನೆಂಟು ಇಂಚಿನ ಚಕ್ರ ಶೋರೂಂನಲ್ಲಿ ಚೆಂದ. ನಮ್ಮ ರಸ್ತೆಗೆ ಹದಿನಾರೇ ಸೊಗಸು, ಗುಂಡಿಯ ಪೆಟ್ಟನ್ನು ಟೈರಿನ ರಬ್ಬರೇ ತಿಂದುಕೊಳ್ಳುತ್ತದೆ.

ನಾಲ್ಕನೆಯದು ಇಲಿ.

ಧಾರವಾಡ ಪೇಢೆ
ಇಲಿ! ಕೊನೆಗೂ ಒಬ್ಬರು ಸತ್ಯ ಹೇಳಿದರು.

ಸಿಗ್ನಲ್ ಸನ್ಯಾಸಿ
ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಕಾರಿನ ವೈರ್ ಕಡಿದವು. ನನ್ನದರ ಬಿಲ್ ಹದಿನೆಂಟು ಸಾವಿರ.

ಸೋಗೆ ಮನೆ
ಬಾನೆಟ್ ಒಳಗೆ ಬಟ್ಟೆಯಲ್ಲಿ ಹೊಗೆಸೊಪ್ಪು ಕಟ್ಟಿಡಿ. ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ನಮ್ಮಲ್ಲಿ ಅದೇ ನಡೆದುಬಂದಿದೆ.

ಕಾಫಿ ಕಣ
ನಮ್ಮ ಇಲಿಗಳು ಹೊಗೆಸೊಪ್ಪನ್ನೂ ತಿಂದವು. ಬೆಕ್ಕು ಸಾಕಿದೆವು. ಈಗ ಬೆಕ್ಕು ಬಿಸಿ ಎಂಜಿನ್ ಮೇಲೆ ಮಲಗುತ್ತದೆ, ಬೆಳಿಗ್ಗೆ ಬಾನೆಟ್ ತಟ್ಟಿ ಎಬ್ಬಿಸಿಯೇ ಹೊರಡಬೇಕು.

ಬೇಲೂರು ಮೇಸ್ತ್ರಿ
ಬಾನೆಟ್ ಕೆಳಗೆ ಸ್ಟೀಲ್ ಜಾಲರಿ ಹಾಕಿಸಿ. ಅದಕ್ಕಿಂತ ಮುಖ್ಯ, ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಬೇಡಿ. ಓಡದ ಗಾಡಿಯಲ್ಲೇ ಇಲಿ ಸಂಸಾರ ಹೂಡುವುದು.

ಮೂರನೇ ಗೇರ್
ಮೇಸ್ತ್ರಿಗಳೇ, ಆಟೊಮ್ಯಾಟಿಕ್ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಬೆಂಗಳೂರಿನ ಒಂದು ಗಂಟೆಗೆ ಅವರಿಗೆ ಅದು ಬೇಕಾಗುತ್ತದೆ.

ಬೇಲೂರು ಮೇಸ್ತ್ರಿ
ಟಾರ್ಕ್ ಕನ್ವರ್ಟರ್ ಇದ್ದರೆ ನಿಶ್ಚಿಂತೆ. ಒಳಗೆ ಎಣ್ಣೆಯೇ ಶಕ್ತಿಯನ್ನು ದಾಟಿಸುತ್ತದೆ, ಉಜ್ಜುವುದು ಕಡಿಮೆ. ಕ್ರೆಟಾ ಡೀಸೆಲ್‌ನಲ್ಲೂ ಸ್ಕಾರ್ಪಿಯೊ-ಎನ್‌ನಲ್ಲೂ ಇರುವುದು ಅದೇ. ಎಣ್ಣೆಯಿಲ್ಲದೆ ಎರಡು ಕ್ಲಚ್‌ಗಳಲ್ಲಿ ನಡೆಯುವ ಒಣ ಡ್ಯುಯಲ್ ಕ್ಲಚ್ ವೇಗಕ್ಕೆ ಬಲು ಚೆನ್ನ, ಆದರೆ ಏರಿನಲ್ಲಿ ತೆವಳುವ ಸಾಲಿನಲ್ಲಿ ಬಿಸಿಯಾಗುತ್ತದೆ. ಆಮೆ ವೇಗದಲ್ಲಿ ತೆವಳಿಸಬೇಡಿ. ಮುಂದೆ ಹತ್ತು ಅಡಿ ಜಾಗ ಬಿಟ್ಟುಕೊಟ್ಟು ಒಮ್ಮೆಲೇ ಹೋಗಿ ನಿಲ್ಲಿಸಿ.

ಕಂಬಳಿಹುಳ
ಬೆಂಗಳೂರಿನಲ್ಲಿ ಹತ್ತು ಅಡಿ ಜಾಗ ಬಿಟ್ಟರೆ ಅಲ್ಲಿ ಎರಡು ಸ್ಕೂಟರ್, ಒಂದು ಆಟೋ ಬಂದು ನಿಲ್ಲುತ್ತವೆ. ನನಗೆ ಹೀಗೇ ಆಗಿ, ಶಿರಾಡಿಯಲ್ಲಿ ಗೇರ್‌ಬಾಕ್ಸ್ ಕಾದಿದೆ ಎಂಬ ಸೂಚನೆ ಬಂತು. ಮಳೆಯಲ್ಲಿ ನಲವತ್ತು ನಿಮಿಷ ರಸ್ತೆ ಬದಿಯಲ್ಲಿ ನಿಂತೆ. ತಣ್ಣಗಾದ ಮೇಲೆ ಏನೂ ಆಗದವರ ಹಾಗೆ ಹೊರಟಿತು. ಕಂಪನಿಗೆ ದೂರು ಕೊಟ್ಟರೆ, ಎಲ್ಲ ಸರಿಯಾಗಿದೆ ಎಂದು ತೊಳೆದು ಒರೆಸಿ ವಾಪಸ್ ಕೊಟ್ಟರು.

ಮಸ್ಕತ್ ಕನ್ನಡಿಗ
ದೂರದಿಂದ ಒಂದು ಮಾತು. ಇಲ್ಲಿ ಒಮಾನ್‌ನಲ್ಲಿ ಜಬಲ್ ಅಖ್ದರ್ ಎಂಬ ಬೆಟ್ಟವಿದೆ. ಬುಡದಲ್ಲಿ ಪೊಲೀಸ್ ಠಾಣ್ಯ. ನಾಲ್ಕು ಚಕ್ರದ ಎಳೆತ ಇರುವ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಆದರೆ ರಸ್ತೆ ನೋಡಿದರೆ ಚೊಕ್ಕ ಡಾಂಬರು! ಮೊದಲ ಸಲ ನಾನೂ ಜಗಳಕ್ಕೆ ನಿಂತಿದ್ದೆ. ಏರುವುದಕ್ಕಲ್ಲ, ಇಳಿಯುವುದಕ್ಕೆ ಎಂದು ಆ ಪೊಲೀಸನೇ ವಿವರಿಸಿದ. ಆ ಕಡಿದಾದ ಇಳಿಜಾರಿನಲ್ಲಿ ಲೋ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಕಾಯುವುದಿಲ್ಲ. ಮೇಸ್ತ್ರಿಗಳ ಗುರುಗಳೂ ಇವರೂ ಒಂದೇ ಶಾಲೆಯವರು.

ಇನ್ನೋವಾ ಭಕ್ತ
ಅಲ್ಲಿ ಎಲ್ಲರೂ ಲ್ಯಾಂಡ್ ಕ್ರೂಸರ್ ಓಡಿಸುತ್ತಾರಲ್ಲವೇ? ಐದು ಲಕ್ಷ ಕಿ.ಮೀ. ಓಡುತ್ತದಂತೆ. ನಾನು ಹೇಳಲಿಲ್ಲವೇ!

ಮಸ್ಕತ್ ಕನ್ನಡಿಗ
ಓಡುತ್ತದೆ. ಆದರೆ ಇಲ್ಲಿಯ ಹೆದ್ದಾರಿಯಲ್ಲಿ ಗುಂಡಿಗಳಿಲ್ಲ, ಮಳೆಗಾಲವಿಲ್ಲ, ಊರೂರಿಗೂ ಬಿಡಿಭಾಗದ ಅಂಗಡಿ ಇದೆ. ನಮ್ಮ ಭಾವ ಊರಿನಲ್ಲಿ ಹಳೆಯದೊಂದನ್ನು ಸಾಕಿದ್ದ. ಒಂದು ಸೆನ್ಸರ್ ಬರಲು ಆರು ವಾರ ಕಾದ. ಗಾಡಿ ಕೆಡಲಿಲ್ಲ ಎಂಬ ಮಾತು ಆಗಲೂ ನಿಜವೇ, ಅದು ನಿಂತಿತ್ತು ಅಷ್ಟೇ.

ಕಾಫಿ ಕಣ
ಇದೇ ಮುಖ್ಯ. ನಮ್ಮ ಬೊಲೆರೊ ಕೆಡುತ್ತದೆ, ಕೆಡುವುದಿಲ್ಲ ಎಂದು ಯಾರು ಹೇಳಿದರು? ಆದರೆ ಕೆಟ್ಟ ದಿನ ಸಂಜೆಯೊಳಗೆ ರಿಪೇರಿಯಾಗುತ್ತದೆ. ಕೊಟ್ಟಿಗೆಹಾರದಲ್ಲೂ ಅದರ ಫ್ಯಾನ್ ಬೆಲ್ಟ್ ಸಿಗುತ್ತದೆ.

ಮತ್ತೊಂದು ಮಾತು ಮೂಡಿಗೆರೆಯವರಿಗೆ. ಮೂರು ಕಿ.ಮೀ.ಗಾಗಿ ನಾಲ್ಕು ಚಕ್ರದ ಎಳೆತಕ್ಕೆ ಎರಡು ಲಕ್ಷ ಸುರಿಯುವ ಮೊದಲು ಟೈರ್ ಬದಲಾಯಿಸಿ ನೋಡಿ. ಹೆದ್ದಾರಿ ಟೈರಿನ ಹಲ್ಲಿನ ಸಂದಿಗೆ ನಮ್ಮ ಕೆಂಪು ಜೇಡಿ ಮೆತ್ತಿಕೊಂಡರೆ ನಾಲ್ಕೂ ಚಕ್ರ ಒಟ್ಟಿಗೆ ಜಾರುತ್ತವೆ, ಅಷ್ಟೇ ವ್ಯತ್ಯಾಸ. ಎಲ್ಲ ನೆಲಕ್ಕೂ ಒಗ್ಗುವ ಟೈರ್ ಇದ್ದರೆ ಎರಡು ಚಕ್ರವೇ ಸಾಕು. ಡಾಂಬರಿನ ಮೇಲೆ ಸ್ವಲ್ಪ ಗುಂಯ್ ಎನ್ನುತ್ತದೆ, ಮೈಲೇಜ್ ಒಂದು ಕಿ.ಮೀ. ಇಳಿಯುತ್ತದೆ.

ಮೂಡಿಗೆರೆ ದಾರಿ
ಎಲ್ಲರಿಗೂ ಧನ್ಯವಾದ. ಎರಡು ವಾರದಿಂದ ಓದುತ್ತಿದ್ದೆ. ಕಳೆದ ಶನಿವಾರ ಅಮ್ಮನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಮೂರು ಶೋರೂಂ ಸುತ್ತಿಸಿದೆ. ವರದಿ ಇಲ್ಲಿದೆ.

ಸ್ಕಾರ್ಪಿಯೊ-ಎನ್ ಹತ್ತಲು ಅಮ್ಮ ಎರಡು ಸಲ ಪ್ರಯತ್ನಿಸಿದರು. ಮೂರನೇ ಸಲ ಮಾರಾಟದ ಹುಡುಗ ಒಂದು ಮಣೆ ತಂದಿಟ್ಟ. “ಪ್ರತಿ ಗಾಡಿಯ ಜೊತೆ ಈ ಮಣೆ ಕೊಡುತ್ತೀಯಾ?” ಎಂದು ಅಮ್ಮ ಕೇಳಿದರು. ಒಳಗೆ ಕುಳಿತ ಮೇಲೆ ಇಳಿಯಲು ಮನಸ್ಸಿರಲಿಲ್ಲ, ತೋಟದ ಬೇಲಿಯಾಚೆಗೂ ಕಾಣುತ್ತದೆ ಎಂದರು. ಕ್ರೆಟಾಗೆ ಸೀದಾ ಹೋಗಿ ಕುರ್ಚಿಯ ಮೇಲೆ ಕುಳಿತಂತೆ ಕುಳಿತರು. 116 ಪಿಎಸ್, 250 ಎನ್‌ಎಂ ಡೀಸೆಲ್, ಓಡಿಸಲು ನನ್ನ ಡಸ್ಟರ್‌ಗಿಂತ ಹಗುರ, ಸದ್ದು ಎಷ್ಟೋ ಕಡಿಮೆ. ಹಾಸನದ ಬೈಪಾಸ್‌ನಲ್ಲಿ ಒಂದು ಕೆಟ್ಟ ಹಂಪ್ ಇದೆ, ಅದೊಂದನ್ನೇ ನಾಲ್ಕು ಸಲ ದಾಟಿದೆ. ನಿಜ ಹೇಳುತ್ತೇನೆ, ಮೂರರಲ್ಲಿ ಯಾವುದೂ ಅದನ್ನು ಡಸ್ಟರ್‌ನಷ್ಟು ಮೆತ್ತಗೆ ನುಂಗಲಿಲ್ಲ. ಸ್ಕಾರ್ಪಿಯೊ-ಎನ್ ಹತ್ತಿರ ಬಂತು. ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಪೇಟೆಗೆ ಹೇಳಿಮಾಡಿಸಿದ್ದು, ಆದರೆ ಅಮ್ಮ ಡಿಕ್ಕಿ ನೋಡಿ, ಹಲಸಿನ ಹಣ್ಣು ಎಲ್ಲಿಡುವುದು ಎಂದರು. ಟೈಗುನ್ ಹಾಸನದಲ್ಲಿ ಆ ದಿನ ಓಡಿಸಲು ಸಿಗಲಿಲ್ಲ.

ಸಿಗ್ನಲ್ ಸನ್ಯಾಸಿಗಳು ಹೇಳಿದ ಡಿಪಿಎಫ್ ಲೆಕ್ಕ ಹಾಕಿದೆ. ತಿಂಗಳಿಗೆ ಎರಡು ಸಲ ಊರಿಗೆ ಓಡುವುದರಿಂದ ನನಗೆ ಅದು ದೊಡ್ಡ ತೊಂದರೆಯಾಗಲಾರದು. ಈಗ ಯೋಚನೆ ಹೀಗಿದೆ: ಡಸ್ಟರ್‌ಗೆ ಒಳ್ಳೆಯ ಟೈರ್ ಹಾಕಿಸಿ ಇನ್ನೊಂದು ಮಳೆಗಾಲ ಓಡಿಸುವುದು. ಮುಂದಿನ ವರ್ಷ ಕ್ರೆಟಾ ಡೀಸೆಲ್ ಆಟೊಮ್ಯಾಟಿಕ್‌ನ ಮಧ್ಯದ ಮಾದರಿ, ಸನ್‌ರೂಫ್ ಇಲ್ಲದ್ದು ಸಿಕ್ಕರೆ.

ಇನ್ನೋವಾ ಭಕ್ತ
ಕ್ರಿಸ್ಟಾದಲ್ಲಿ ಎರಡು ಹಲಸಿನ ಹಣ್ಣು ಹಿಡಿಯುತ್ತಿತ್ತು.

ಧಾರವಾಡ ಪೇಢೆ
ಹಾಗಾದರೆ ಡಸ್ಟರ್ ಮುಂದಿನ ವರ್ಷ ನನ್ನದು. ಹೊಸ ಟೈರ್ ಸಮೇತ.

ಬೇಲೂರು ಮೇಸ್ತ್ರಿ
ಅದು ಇರಲಿ. ಆ ಎಂಜಿನ್ನಿನಲ್ಲಿ ಇರುವುದು ಚೈನ್ ಅಲ್ಲ, ಟೈಮಿಂಗ್ ಬೆಲ್ಟ್. ಕೊನೆಯ ಸಲ ಯಾವಾಗ ಬದಲಾಯಿಸಿದ್ದೀರಿ?

ಮೂಡಿಗೆರೆ ದಾರಿ
2018ರಲ್ಲಿ ಒಮ್ಮೆ, 80,000 ಕಿ.ಮೀ. ಆಗಿದ್ದಾಗ. ಈಗಲೂ ಸದ್ದು ಏನೂ ಇಲ್ಲವಲ್ಲ.

ಬೇಲೂರು ಮೇಸ್ತ್ರಿ
ಬೆಲ್ಟ್ ಸದ್ದು ಮಾಡಿ ಹೇಳುವುದಿಲ್ಲ, ಸುಮ್ಮನೆ ತುಂಡಾಗುತ್ತದೆ. ಆಗ ವಾಲ್ವ್‌ಗಳು ಪಿಸ್ಟನ್ ಮೇಲೆ ಬಡಿಯುತ್ತವೆ, ಒಂದೇ ಸೆಲ್ಫ್ ಅಲ್ಲ, ನೂರು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಏಳು ವರ್ಷ ಆಯಿತು, ಕಿ.ಮೀ. ಕೂಡ ಆಯಿತು. ಟೈರ್ ಆಮೇಲೆ ನೋಡೋಣ. ಮುಂದಿನ ಸಲ ಊರಿಗೆ ಬರುವಾಗ ಬೆಳಿಗ್ಗೆಯೇ ಬೇಲೂರಿಗೆ ಬನ್ನಿ, ಬೆಲ್ಟು, ಟೆನ್ಷನರ್, ವಾಟರ್ ಪಂಪ್ ಮೂರೂ ಒಟ್ಟಿಗೆ ಹಾಕೋಣ. ಅಲ್ಲಿಯವರೆಗೆ ಚಾರ್ಮಾಡಿ ಬೇಡ.